ಬದುಕಿದ್ದವರಿಗೆ ಕಂದು ಬಣ್ಣವಿಲ್ಲ

ಗದ್ದಣ್ಣನಿಗೂ ಅವನ ಸೊಸೆಗೂ ಒಂದು ಬಣ್ಣದ ಸಲುವಾಗಿ ಮಾತು ಬಿಟ್ಟುಹೋಗಿತ್ತು ಎಂದರೆ ಕೇಳಿದವರು ನಗುತ್ತಾರೆ. ಉಪ್ಪು ಹೆಚ್ಚಾಯಿತೆಂದು ಮುಖ ತಿರುಗಿಸಿಕೊಂಡ ಮಾವಂದಿರನ್ನು ನೋಡಿದ್ದೇವೆ, ಬಾಗಿಲು ಜೋರಾಗಿ ಹಾಕಿದಳೆಂದು ವಾರಗಟ್ಟಲೆ ಗೊಣಗಿದವರನ್ನೂ ನೋಡಿದ್ದೇವೆ. ಈ ಮನೆಯ ಜಗಳ ಮಾತ್ರ ಕಂದು ಬಣ್ಣದ್ದು, ಮತ್ತು ಆ ಮನೆಯವರಿಗೆ ಅದು ನಗುವ ವಿಷಯವಾಗಿರಲಿಲ್ಲ.

ಗದ್ದಣ್ಣ ಎನ್ನುವುದು ಹೆತ್ತವರಿಟ್ಟ ಹೆಸರಲ್ಲ. ತನ್ನ ಫೋಟೋ ಸ್ಟುಡಿಯೊದ ಸ್ಟೂಲಿನ ಮೇಲೆ ಕುಳಿತ ಪ್ರತಿಯೊಬ್ಬರಿಗೂ ‘ಗದ್ದ ಸ್ವಲ್ಪ ಮೇಲೆ’ ಎಂದು ಹೇಳುತ್ತ ಹೇಳುತ್ತಲೇ ಅವನು ಮುದುಕನಾದ. ಬೀದಿಯವರು ಅವನ ನಿಜವಾದ ಹೆಸರನ್ನು ಎಂದೋ ಮರೆತರು. ಅಮ್ಮನನ್ನು ಥಟ್ಟನೆ ಕೇಳಿದರೆ ಅವಳಿಗೂ ಗೊತ್ತಿರಲಿಕ್ಕಿಲ್ಲ ಎಂದು ಮಗ ತಮಾಷೆ ಮಾಡುತ್ತಿದ್ದ. ಮುಂದೆ ಸ್ಟುಡಿಯೊ, ಹಿಂದೆ ಮನೆ, ನಡುವೆ ಒಂದೇ ಬಾಗಿಲು. ಈರುಳ್ಳಿ ಹುರಿದ ವಾಸನೆ ಗಿರಾಕಿಗಳ ಮೂಗಿಗೂ, ಗಿರಾಕಿಗಳ ಪಿಸುಮಾತು ಅಡುಗೆ ಮಾಡುವವಳ ಕಿವಿಗೂ ತಪ್ಪದೆ ತಲುಪುತ್ತಿದ್ದವು.

ಫಿಲ್ಮನ್ನು ಕತ್ತಲೆಕೋಣೆಯಲ್ಲಿ ತೊಳೆಯುತ್ತಿದ್ದ ಕಾಲದಲ್ಲಿ ಆ ಸ್ಟುಡಿಯೊದಲ್ಲಿ ಒಂದು ಪದ್ಧತಿ ಬೆಳೆದಿತ್ತು. ಯಾರಾದರೂ ಅಂಗೈಯಗಲದ ಹಳೆಯ ಫೋಟೋ ಹಿಡಿದು ಬಂದು, ದೊಡ್ಡದು ಮಾಡಿಕೊಡಿ ಎಂದಷ್ಟೇ ಹೇಳಿ ತಲೆ ತಗ್ಗಿಸಿ ನಿಂತರೆ, ಗದ್ದಣ್ಣ ಮುಂದಿನದನ್ನು ಕೇಳುತ್ತಿರಲಿಲ್ಲ. ಕಪ್ಪುಬಿಳುಪಿನಲ್ಲಿ ದೊಡ್ಡದು ಮಾಡಿ, ಆಮೇಲೆ ಅದನ್ನು ಕಂದು ಬಣ್ಣಕ್ಕೆ ತಿರುಗಿಸಿ ಕೊಡುತ್ತಿದ್ದ. ಕಂದು ಏನಿದ್ದರೂ ತೀರಿಹೋದವರಿಗೆ. ಬಣ್ಣ ತಿರುಗಿಸುವ ಕೆಲಸ ಅವನ ಹೆಂಡತಿಯದು. ಆ ದ್ರಾವಣ ಕೊಳೆತ ಮೊಟ್ಟೆಯ ಹಾಗೆ ನಾರುತ್ತಿದ್ದರಿಂದ ಅವಳು ಮೂಗಿಗೆ ಬಟ್ಟೆ ಕಟ್ಟಿಕೊಂಡು ಹಿತ್ತಲಲ್ಲಿ ತಟ್ಟೆಗಳ ಮುಂದೆ ಕೂರುತ್ತಿದ್ದಳು. ಒಂದು ತಟ್ಟೆಯಲ್ಲಿ ಮುಖ ಮಾಸಿ ಮಾಸಿ ಇಲ್ಲವೇ ಇಲ್ಲವೆನ್ನುವಂತಾಗುತ್ತಿತ್ತು, ಇನ್ನೊಂದರಲ್ಲಿ ಅದೇ ಮುಖ ಕಂದಾಗಿ ಎದ್ದು ಬರುತ್ತಿತ್ತು. ಚೌಕಟ್ಟು ಹಾಕಿದ ಚಿತ್ರವನ್ನು ಮನೆಯವರು ಬಂದು ಒಯ್ಯುವ ತನಕ ಶೋಕೇಸಿನಲ್ಲಿ ಇಡುತ್ತಿದ್ದರು. ಬೀದಿಗೆ ಸಾವಿನ ಸುದ್ದಿ ಮುಟ್ಟುತ್ತಿದ್ದುದು ಹೆಚ್ಚಾಗಿ ಅಲ್ಲಿಂದಲೇ. ‘ಪಾಪ, ಅವರೂ ಕಂದಾದರಂತೆ’ ಎನ್ನುವುದು ಆ ಬೀದಿಯ ಮಾತೇ ಆಗಿಹೋಯಿತು.

ಆಮೇಲೆ ಕಂಪ್ಯೂಟರು ಬಂತು, ಅದರ ಹಿಂದೆಯೇ ಸೊಸೆ ಬಂದಳು. ಹುಡುಗಿ ಚುರುಕು. ಮಗ ಕ್ಯಾಮೆರಾ ಹಿಡಿದು ಊರು ಸುತ್ತಿದರೆ ಇವಳು ಅಂಗಡಿಯಲ್ಲಿ ಕುಳಿತು, ಅವನು ತಂದ ಚಿತ್ರಗಳನ್ನು ತಿದ್ದುತ್ತಿದ್ದಳು. ಚಿತ್ರದ ಬಣ್ಣವನ್ನೆಲ್ಲ ಹೀರಿ ಕಪ್ಪುಬಿಳುಪು ಮಾಡುವಳು. ಅದರ ಮೇಲೆ ತೆಳ್ಳಗೆ ಒಂದು ಬಣ್ಣದ ಪದರ ಹಾಸುವಳು. ಆ ಬಣ್ಣ ನೆರಳುಗಳಲ್ಲಿ ಮಾತ್ರ ಇಳಿದು, ಬಿಳಿಯ ಭಾಗ ಬೆಳ್ಳಗೇ ಉಳಿಯುವ ಹಾಗೆ ಪರದೆಯ ಮೇಲಿನ ಗುಂಡಿಯನ್ನು ಕೂದಲೆಳೆಯಷ್ಟು ಆಚೀಚೆ ಎಳೆಯುವಳು. ಮೊದಲ ಸಲ ನೋಡಿದಾಗ ಗದ್ದಣ್ಣನ ಬಾಯಿ ತೆರೆದದ್ದು ಮುಚ್ಚಲಿಲ್ಲ. ನಾತವಿಲ್ಲ, ತಟ್ಟೆಯಿಲ್ಲ, ಹಿತ್ತಲಿಲ್ಲ. ಹೆಂಡತಿಯನ್ನು ಕೈಹಿಡಿದು ಎಳೆತಂದು ತೋರಿಸಿದ. ನನ್ನ ಮೂಗಿನ ಕರ್ಮ, ಇದು ಆಗಲೇ ಬರಬಾರದಿತ್ತೇ ಎಂದು ಅವಳು ಅಲವತ್ತುಕೊಂಡಳು.

ಜಗಳ ಹುಟ್ಟಿದ್ದು ಒಂದು ಜೋಡಿಯ ಚಿತ್ರದಿಂದ. ಮದುವೆ ಗೊತ್ತಾದ ಹುಡುಗ ಹುಡುಗಿ ಬಂದು ಹಳೇ ಕಾಲದ ಫೋಟೋದ ಹಾಗೆ ಬೇಕೆಂದರು, ಸೊಸೆ ಸೊಗಸಾಗಿ ಕಂದು ಮಾಡಿ ಶೋಕೇಸಿನಲ್ಲಿಟ್ಟಳು. ಎದುರಿನ ದರ್ಜಿ ಕತ್ತರಿ ಕೈಯಲ್ಲಿ ಹಿಡಿದೇ ರಸ್ತೆ ದಾಟಿ ಬಂದು, “ಅಯ್ಯೋ, ಇಬ್ಬರೂ ಒಟ್ಟಿಗೇನಾ?” ಎಂದು ಕೇಳಿದ. ಗದ್ದಣ್ಣನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

“ಬದುಕಿರೋರಿಗೆ ಕಂದು ಹಾಕಬಾರದು,” ಎಂದ ಊಟಕ್ಕೆ ಕೂತಾಗ.

“ಮಾವ, ಅದು ಬರೀ ಒಂದು ಕಳೆ. ಜನ ಕೇಳಿ ಮಾಡಿಸ್ಕೋತಾರೆ,” ಎಂದಳು ಸೊಸೆ.

“ಕೇಳಿದ್ರು ಅಂತ ವಿಷ ಕೊಡ್ತೀಯಾ?”

“ಬಣ್ಣ ವಿಷ ಹೇಗಾಗುತ್ತೆ, ಹೇಳಿ ನೋಡೋಣ.”

ಮಗ ತಟ್ಟೆಯೊಳಗೆ ತಲೆ ಹುದುಗಿಸಿದ. ಅಪ್ಪನ ಕಡೆ ಮಾತಾಡಿದರೆ ಕೋಣೆಯಲ್ಲಿ ಜಾಗವಿಲ್ಲ, ಹೆಂಡತಿಯ ಕಡೆ ಮಾತಾಡಿದರೆ ಅಂಗಡಿಯಲ್ಲಿ ಜಾಗವಿಲ್ಲ. ಮಾವ ಸೊಸೆ ಎರಡು ವಾರ ಅತ್ತೆಯ ಮೂಲಕವೇ ಮಾತಾಡಿದರು. ‘ಚಹಾ ಬೇಕಂತಾ ಕೇಳಿ’, ‘ಬೇಕು ಅಂತ ಹೇಳು’. ಕೊನೆಗೆ ಅತ್ತೆಗೇ ಸಾಕಾಗಿ, ಇಬ್ಬರನ್ನೂ ಕೂರಿಸಿ ಒಂದು ತೀರ್ಮಾನ ಮಾಡಿದಳು. ಬದುಕಿದ್ದವರಿಗೆ ನೀಲಿ, ಹಸಿರು, ಏನು ಬೇಕಾದರೂ ಹಾಕಲಿ. ಕಂದು ಮಾತ್ರ ಹೋದವರಿಗೇ ಇರಲಿ. ಸೊಸೆ ಒಪ್ಪಿ ಮಾತು ಕೊಟ್ಟಳು. ಕೊಟ್ಟ ಮಾತನ್ನು ತಪ್ಪುವವಳಲ್ಲ ಅವಳು. ಅದು ಗದ್ದಣ್ಣನಿಗೂ ಗೊತ್ತಿತ್ತು. ನೀಲಿ ಹಾಕಿದರೆ ಜನ ಚಳಿ ಹಿಡಿದವರ ಹಾಗೆ ಕಾಣುತ್ತಾರೆ ಎಂದು ಆಗೀಗ ಕೊಂಕು ತೆಗೆಯುವುದನ್ನು ಬಿಟ್ಟರೆ ಅವನೂ ತಣ್ಣಗಾದ.

ಆ ದಿನಗಳಲ್ಲೇ ಗದ್ದಣ್ಣನಿಗೆ ತಲೆಸುತ್ತು ಶುರುವಾಯಿತು. ಮಗ ಬಲವಂತ ಮಾಡಿ ಆಸ್ಪತ್ರೆಗೆ ಕರೆದೊಯ್ದ. ಜೊತೆಗೆ ಹೋದ ಹೆಂಡತಿ, ಹೇಗೂ ಬಂದಿದ್ದೇನಲ್ಲ ಎಂದು ತನ್ನ ಹೊಟ್ಟೆನೋವನ್ನೂ ತೋರಿಸಿಕೊಂಡಳು. ಇಬ್ಬರ ರಕ್ತವನ್ನೂ ತೆಗೆದರು, ಇಬ್ಬರನ್ನೂ ಯಂತ್ರದ ಕೆಳಗೆ ಮಲಗಿಸಿದರು. ಒಂದು ವಾರ ಬಿಟ್ಟು ಮಗನೊಬ್ಬನೇ ಹೋಗಿ ಡಾಕ್ಟರನ್ನು ಕಂಡು ಬಂದ. “ನಿಮಗೇನೂ ಇಲ್ಲಪ್ಪ, ಗಟ್ಟಿಮುಟ್ಟಾಗಿದ್ದೀರಿ. ಅಮ್ಮಂಗೆ ಗ್ಯಾಸು,” ಎಂದ. ಹೇಳುವಾಗ ಗೋಡೆ ನೋಡುತ್ತಿದ್ದ. ಕಣ್ಣು ತಪ್ಪಿಸುವ ಮುಖಗಳನ್ನು ಒಂದು ಆಯುಷ್ಯವಿಡೀ ಕ್ಯಾಮೆರಾದ ಹಿಂದಿನಿಂದ ನೋಡಿದ ಗದ್ದಣ್ಣನಿಗೆ, ಇದರಲ್ಲೇನೋ ಸುಳ್ಳಿದೆ ಅನ್ನಿಸಿತು. ಆದರೆ ಯಾರಿಗೆ ತಾನೇ ಒಳ್ಳೆಯ ಸುದ್ದಿಯನ್ನು ಕೆದಕಿ ನೋಡುವ ಆಸೆಯಿರುತ್ತದೆ?

ಇನ್ನೊಂದು ಹತ್ತು ಹನ್ನೆರಡು ದಿನ ಕಳೆದಿರಬೇಕು. ಮಧ್ಯಾಹ್ನ ಸೊಸೆ ಸಂತೆಗೆ ಹೋಗಿದ್ದಳು, ಮಗ ಯಾವುದೋ ಶಾಲೆಯ ಮಕ್ಕಳ ಗುಂಪು ಫೋಟೋ ತೆಗೆಯಲು ಹೋಗಿದ್ದ. ಗಿರಾಕಿಯೊಬ್ಬ ಬಂದು, ಮೊನ್ನೆ ತೆಗೆಸಿದ ತನ್ನ ಫೋಟೋ ಸಿದ್ಧವಾಗಿದೆಯೇ ಎಂದು ಕೇಳಿದ. ನೋಡೋಣ ಇರಿ ಎಂದು ಗದ್ದಣ್ಣ ಕಂಪ್ಯೂಟರಿನ ಮುಂದೆ ಕುಳಿತು ಮೌಸು ಅಲುಗಾಡಿಸಿದ. ನಿದ್ದೆ ಹೋಗಿದ್ದ ಪರದೆ ಎಚ್ಚರವಾಯಿತು. ಪರದೆಯ ತುಂಬ ಅವನದೇ ಮುಖ, ಕಂದು ಬಣ್ಣದಲ್ಲಿ.

ಹಿಂದಿನ ತಿಂಗಳು ಹೊಸ ದೀಪ ಹೇಗಿದೆ ನೋಡೋಣವೆಂದು ಸೊಸೆ ಅತ್ತೆ ಮಾವ ಇಬ್ಬರನ್ನೂ ಒಬ್ಬೊಬ್ಬರಾಗಿ ಕೂರಿಸಿ ಫೋಟೋ ತೆಗೆದಿದ್ದಳು. ಅದೇ ಚಿತ್ರ ಇದು. ಹುಬ್ಬಿನ ನೆರಳಲ್ಲಿ, ಕೆನ್ನೆಯ ಗುಳಿಯಲ್ಲಿ ಕಂದು ಹದವಾಗಿ ಇಳಿದಿತ್ತು, ಹಣೆ ಬೆಳ್ಳಗೆ ಉಳಿದಿತ್ತು. ಕೆಲಸ ಅಚ್ಚುಕಟ್ಟಾಗಿದೆ ಎಂದು ಮೊದಲು ಹೊಳೆಯಿತು. ಈ ಬಣ್ಣ ಯಾರಿಗೆ ಹಾಕುವುದೆಂಬುದು ಆಮೇಲೆ ನೆನಪಾಯಿತು. ಚಿತ್ರ ಇನ್ನೂ ಎಡಕ್ಕೆ ಮುಂದುವರಿದಿತ್ತೋ ಏನೋ, ಅದನ್ನು ಸರಿಸಿ ನೋಡುವುದು ಅವನಿಗೆ ತಿಳಿಯದು. ಏನಾದರೂ ಒತ್ತಿ ಏನಾದರೂ ಅಳಿಸಿಹೋದೀತೆಂಬ ಭಯ ಬೇರೆ. ಸಂಜೆ ಬನ್ನಿ ಎಂದು ಗಿರಾಕಿಯನ್ನು ಸಾಗಹಾಕಿ, ತನ್ನ ಮುಖವನ್ನೇ ನೋಡುತ್ತ ಕುಳಿತ.

ಸೊಸೆ ಚೀಲ ಹೊತ್ತು ಬಂದಳು. ಅಷ್ಟರಲ್ಲಿ ಪರದೆ ಮತ್ತೆ ನಿದ್ದೆ ಹೋಗಿತ್ತು. ಗದ್ದಣ್ಣ ಏನೂ ಗೊತ್ತಿಲ್ಲದವನ ಹಾಗೆ ಗಂಟಲು ಸರಿಮಾಡಿಕೊಂಡು, ಈಚೆಗೆ ಕಂದಿನ ಕೆಲಸ ಯಾವುದಾದರೂ ಬಂದಿದೆಯೇ ಎಂದು ಕೇಳಿದ. ಅವಳ ಕೈಯಿಂದ ಟೊಮೇಟೊ ಎರಡು ಉರುಳಿದವು.

“ಇದೆ ಮಾವ. ಅತ್ತೆ ಹೇಳಿದ್ದು.”

“ಯಾವಾಗ ಬೇಕಂತೆ?”

“ಆತುರ ಇಲ್ಲ,” ಎಂದವಳು ಟೊಮೇಟೊ ಹೆಕ್ಕದೆ ಒಳಗೆ ಓಡಿದಳು.

ಆಯಿತಲ್ಲ, ಇನ್ನು ಕೇಳುವುದೇನು ಉಳಿಯಿತು? ಮಗ ಗೋಡೆ ನೋಡಿದ್ದು ಯಾಕೆಂದು ತಿಳಿಯಿತು. ಮಾತಿಗೆ ತಪ್ಪದ ಸೊಸೆ ಬದುಕಿರುವವನಿಗೆ ಕಂದು ಹಾಕಿದ್ದಾಳೆ ಎಂದರೆ, ಹಾಕಿಸಿದ್ದು ಇಷ್ಟು ವರ್ಷ ಜೊತೆಗಿದ್ದ ಹೆಂಡತಿ ಎಂದರೆ, ಅವನ ಕಾಲ ಮುಗಿಯುತ್ತ ಬಂತು. ಇದು ಎಲ್ಲರಿಗೂ ಗೊತ್ತು, ಅವನೊಬ್ಬನನ್ನು ಬಿಟ್ಟು. ಸಾಯುವ ಭಯಕ್ಕಿಂತ ಆ ಸಿಟ್ಟೇ ಮೊದಲು ಬಂತು. ಒಂದು ಮಾತು ಹೇಳಬಾರದಿತ್ತೇ ಇವಳು? ಹಿತ್ತಲಲ್ಲಿ ಮೂಗು ಮುಚ್ಚಿಕೊಂಡು ಊರವರ ಮುಖಗಳನ್ನೆಲ್ಲ ಕಂದು ಮಾಡಿದವಳಿಗೆ ಗಂಡನದೂ ಅವುಗಳಲ್ಲಿ ಒಂದಾಗಿಹೋಯಿತೇ?

ಕೇಳಿಬಿಡೋಣವೆಂದು ನೇರ ಅಡುಗೆಮನೆಗೆ ಹೋದ. ಅವಳು ಒಲೆಯ ಮುಂದೆ ನಿಂತಿದ್ದಳು. ಬೆನ್ನು ತೆಳ್ಳಗಾಗಿತ್ತು. ನನ್ನ ಚಿಂತೆಯಲ್ಲಿ ಸೊರಗಿದ್ದಾಳೆ ಎಂದುಕೊಂಡ. ಸಿಟ್ಟು ಎಲ್ಲಿಗೆ ಹೋಯಿತೋ ಗೊತ್ತಿಲ್ಲ, ಚಹಾ ಇದೆಯಾ ಎಂದು ಕೇಳಿ ಹೊರಗೆ ಬಂದ. ಅವಳಾಗಿ ಹೇಳುವವರೆಗೆ ತಾನೂ ಬಾಯಿಬಿಡಬಾರದು ಎಂದು ನಿಶ್ಚಯ ಮಾಡಿಕೊಂಡ.

ಅಲ್ಲಿಂದ ಆ ಮನೆಯಲ್ಲಿ ಯಾರು ಏನು ಮಾಡುತ್ತಿದ್ದಾರೆಂದು ಯಾರಿಗೂ ತಲೆಬುಡ ತಿಳಿಯದ ಹಾಗಾಯಿತು. ತಾನು ಹೋದಮೇಲೆ ಹೆಂಡತಿ ಯಾರ ಮುಂದೆಯೂ ಕೈಕಟ್ಟಿ ನಿಲ್ಲಬಾರದೆಂದು ಗದ್ದಣ್ಣ ಅವಳಿಗೆ ಪಾಠ ಶುರುಮಾಡಿದ. ನೀರಿನ ಮೋಟರು ಕೈಕೊಟ್ಟರೆ ಎಲ್ಲಿ ತಟ್ಟಬೇಕು, ಫ್ಯೂಸು ಹೋದರೆ ತಂತಿ ಹೇಗೆ ಸುತ್ತಬೇಕು, ಅಂಗಡಿಯ ಶಟರು ಎಡಗಡೆಯಲ್ಲಿ ಸಿಕ್ಕಿಕೊಂಡಾಗ ಹೇಗೆ ಒದೆಯಬೇಕು. ಅವಳು ಮೋಟರಿನ ಪಕ್ಕ ಕುಕ್ಕರುಗಾಲಿನಲ್ಲಿ ಕುಳಿತು ಅವನನ್ನು ಪಿಳಿಪಿಳಿ ನೋಡುವಳು.

“ನನಗ್ಯಾಕ್ರೀ ಇದೆಲ್ಲ ಈಗ?”

“ಗೊತ್ತಿರಬೇಕು. ಎಲ್ಲಾನೂ ಗೊತ್ತಿರಬೇಕು.”

“ಸರಿ, ಹಾಗಾದ್ರೆ ನೀವು ಅನ್ನ ಮಾಡೋದು ಕಲೀರಿ.”

“ನಾನಾ?”

“ಎಲ್ಲಾನೂ ಗೊತ್ತಿರಬೇಕು ಅಂದ್ರಲ್ಲ.”

ಹಾಗೆ ಅವಳೂ ಪಾಠ ಶುರುಮಾಡಿದಳು. ಅಕ್ಕಿಗೆ ನೀರು ಎಷ್ಟು, ಬೇಳೆಗೆ ಉಪ್ಪು ಯಾವಾಗ, ಬಿಳಿಯ ಬಟ್ಟೆಯನ್ನು ಯಾವುದರ ಜೊತೆ ನೆನೆಸಬಾರದು, ಚಳಿಗಾಲದ ಹೊದಿಕೆ ಯಾವ ಪೆಟ್ಟಿಗೆಯ ತಳದಲ್ಲಿದೆ. ಗದ್ದಣ್ಣ ಸೌಟು ಹಿಡಿದು ನಿಂತು ತಲೆ ಕೆಡಿಸಿಕೊಂಡ. ಸಾಯುವವನಿಗೆ ಯಾಕೆ ಅನ್ನ ಮಾಡಲು ಕಲಿಸುತ್ತಾರೆ? ಬಹುಶಃ ಮನಸ್ಸು ಬೇರೆ ಕಡೆ ಹೊರಳಲಿ ಎಂದಿರಬೇಕು. ಡಾಕ್ಟರೇ ಹೇಳಿರಬೇಕು, ಕೈಗೆ ಏನಾದರೂ ಕೆಲಸ ಕೊಡಿ ಎಂದು. ಅಂತೂ ಕಾರಣ ಹುಡುಕಿಕೊಂಡ. ಹುಡುಕಿದರೆ ಯಾವುದಕ್ಕೆ ತಾನೇ ಕಾರಣ ಸಿಗುವುದಿಲ್ಲ.

ಊಟಕ್ಕೆ ಕೂತರೆ ಅವಳು ತನ್ನ ತಟ್ಟೆಯ ಮೊಟ್ಟೆಯನ್ನೂ ಎತ್ತಿ ಅವನ ತಟ್ಟೆಗೆ ಹಾಕುವಳು. ಬೇಡವೆಂದರೆ, ತಿನ್ನಿ ಸುಮ್ಮನೆ ಎಂದು ಗದರುವಳು. ಇರುವಷ್ಟು ದಿನ ಚೆನ್ನಾಗಿ ತಿನ್ನಲಿ ಎಂದು ಇವಳ ಆಸೆ, ಎಂದುಕೊಂಡು ಅವನು ಹೊಟ್ಟೆ ತುಂಬಿದ್ದರೂ ತಿನ್ನುವನು. ಸೊಸೆಗೆ ಈಗ ಅವನ ಮೇಲೆ ಎಲ್ಲಿಲ್ಲದ ಪ್ರೀತಿ. ಒಂದು ದಿನ ಅವನಾಗಿಯೇ, ನಿನಗೆ ಬೇಕೆನ್ನಿಸಿದರೆ ಬದುಕಿದ್ದವರಿಗೂ ಕಂದು ಹಾಕಿಕೊಳ್ಳಮ್ಮ, ಯಾವುದು ತಾನೇ ಶಾಶ್ವತ ಎಂದುಬಿಟ್ಟ. ಅವಳು ಖುಷಿಪಡುವ ಬದಲು ಸೆರಗಿಗೆ ಕಣ್ಣೊರೆಸಿಕೊಂಡಳು. ಅಪ್ಪನಿಗೆ ಏನಾಗಿದೆ ಎಂದು ಮಗ ಹೆಂಡತಿಯನ್ನು ಕೇಳುವುದೂ, ಅವಳು ನನಗೇನು ಗೊತ್ತು ಎನ್ನುವುದೂ ಬಾಗಿಲಾಚೆಯಿಂದ ಕೇಳಿಸಿತು. ಎಷ್ಟು ಚೆನ್ನಾಗಿ ನಾಟಕ ಆಡುತ್ತಾನೆ ನನ್ನ ಮಗ ಎಂದು ಗದ್ದಣ್ಣ ಬೆರಗಾದ.

ವಾರದ ನಡುವೆ ಮಗಳು ಗಂಡನ ಮನೆಯಿಂದ ಬಂದಿಳಿದಳು. ಹೇಳದೆ ಕೇಳದೆ, ದೊಡ್ಡ ಚೀಲದ ಸಮೇತ. ಬಂದವಳೇ ಅಮ್ಮನನ್ನು ಕೂರಿಸಿ ಅಡುಗೆಮನೆ ಹೊಕ್ಕಳು. ಸ್ವಲ್ಪ ಹೊತ್ತಿಗೆ ಗದ್ದಣ್ಣ ನೀರು ಕುಡಿಯಲು ಹೋದರೆ ಅವಳು ಮೂಗು ಒರೆಸಿಕೊಳ್ಳುತ್ತ ನಿಂತಿದ್ದಳು.

“ಏನಮ್ಮ, ಅಳ್ತಾ ಇದೀಯಾ?”

“ಇಲ್ಲಪ್ಪ, ಈರುಳ್ಳಿ.”

ಈರುಳ್ಳಿ ಇನ್ನೂ ಬುಟ್ಟಿಯಲ್ಲೇ ಇತ್ತು, ಸಿಪ್ಪೆ ಸಮೇತ. ಅವನು ಅದನ್ನು ನೋಡಿದ, ಅವಳೂ ನೋಡಿದಳು. ಗದ್ದಣ್ಣ ಅವಳ ತಲೆ ಸವರಿ, ಎಲ್ಲರೂ ಒಂದು ದಿನ ಹೋಗುವವರೇ ಎಂದ. ಮಗಳು ಅವನ ಭುಜದ ಮೇಲೆ ಬಿದ್ದು, ಹಾಗಾದರೆ ನಿನಗೂ ಗೊತ್ತೇನಪ್ಪ ಎಂದು ಬಿಕ್ಕಿದಳು. ಗೊತ್ತು ಎಂದ. ನನಗೆ ಗೊತ್ತಿದೆ ಎಂದು ಅಮ್ಮನಿಗೆ ಹೇಳಬೇಡ, ಅವಳು ತಡೆದುಕೊಳ್ಳಲಾರಳು ಎಂದೂ ಸೇರಿಸಿದ. ಮಗಳು ಆಣೆಮಾಡಿದಳು. ಇಬ್ಬರೂ ಬೇರೆ ಬೇರೆಯವರ ಸಾವಿಗೆ ಒಂದೇ ಕಡೆ ನಿಂತು ಅತ್ತರು.

ಭಾನುವಾರ ಮಧ್ಯಾಹ್ನ ಅದೆಲ್ಲ ಒಡೆಯಿತು. ಅಂದು ಮೊದಲ ಬಾರಿಗೆ ಗದ್ದಣ್ಣ ಯಾರ ನೆರವೂ ಇಲ್ಲದೆ ಅನ್ನ ಮಾಡಿದ್ದ. ಮೇಲಿನದು ಅರಳಿತ್ತು, ತಳ ಸೀದಿತ್ತು. ಐದೂ ಜನ ಕೂತಿದ್ದರು. ಮಗ ಸೀದ ಅನ್ನವನ್ನು ಅಗಿಯುತ್ತಿದ್ದ. ಹೆಂಡತಿ ಪಾತ್ರೆಯ ತಳ ಕೆರೆದು ನೋಡಿ ಮುಖ ಸಿಂಡರಿಸಿದಳು.

“ಉರಿ ಸಣ್ಣ ಮಾಡಿ ಅಂತ ಎಷ್ಟು ಸಲ ಹೇಳಿದ್ದೀನಿ? ನಾಳೆಯಿಂದ ದಿನಾ ನೀವೇ ಮಾಡಿ. ಕೈಗೆ ಹತ್ತೋವರೆಗೂ ನಾನು ಬಿಡೋದಿಲ್ಲ.”

ಗದ್ದಣ್ಣ ಇಷ್ಟು ದಿನ ಹಲ್ಲುಕಚ್ಚಿ ಹಿಡಿದದ್ದು ಕೈಬಿಟ್ಟು ಹೋಯಿತು. ತಟ್ಟೆಯನ್ನು ಮುಂದಕ್ಕೆ ತಳ್ಳಿದ.

“ಸಾಯೋನಿಗೆ ಅನ್ನ ಮಾಡೋದು ಕಲಿಸಿ ಏನು ಮಾಡ್ತೀಯೇ? ಅಲ್ಲಿಗೆ ಹೋಗಿ ಬೇಯಿಸಿ ಹಾಕಲಾ?”

“ಯಾರು ಸಾಯೋದು?”

“ನಾನು. ಇನ್ಯಾರು? ನನ್ನ ಮುಖಕ್ಕೆ ಕಂದು ಹಾಕಿಸಿ ಇಟ್ಟಿದ್ದೀಯಲ್ಲ, ನಾನು ನೋಡಿಲ್ಲ ಅಂದ್ಕೊಂಡೆಯಾ?”

ಸೊಸೆ ಕೈಯನ್ನು ಬಾಯಿಗೆ ಒತ್ತಿಕೊಂಡಳು. ಮಗ ಕಕ್ಕಾಬಿಕ್ಕಿಯಾಗಿ ಒಬ್ಬೊಬ್ಬರ ಮುಖ ನೋಡಿದ. ಮಗಳು, ಅಪ್ಪ, ನಿನಗೆ ಗೊತ್ತು ಅಂದೆಯಲ್ಲ, ನಿನಗೆ ಗೊತ್ತಿದ್ದದ್ದು ಏನು ಎಂದು ತೊದಲಿದಳು. ಕೊನೆಗೆ ಹೆಂಡತಿಯೇ ಎಡಗೈಯಿಂದ ನೀರಿನ ಲೋಟವನ್ನು ಅವನ ಹತ್ತಿರ ಸರಿಸಿದಳು.

“ನಿಮಗೇನೂ ಆಗಿಲ್ಲ. ಮಗ ನಿಮ್ಮ ವಿಷಯ ಹೇಳಿದ್ದು ನಿಜ. ಗ್ಯಾಸು ಅಂದದ್ದು ಸುಳ್ಳು. ನನ್ನ ಹೊಟ್ಟೇಲಿ ಗೆಡ್ಡೆ ಇದೆಯಂತೆ.”

ಇಲ್ಲಿ ಒಂದು ಮಾತು ಮುಚ್ಚಿಡದೆ ಹೇಳಬೇಕು. ಅದನ್ನು ಕೇಳಿದ ಕೂಡಲೇ ಗದ್ದಣ್ಣನಿಗೆ ಆದದ್ದು ದುಃಖವಲ್ಲ. ಅಬ್ಬ, ನಾನಲ್ಲ ಎಂದು ಕಣ್ಣು ಮಿಟುಕಿಸುವಷ್ಟು ಹೊತ್ತು ಅವನ ಮೈ ಹಗುರಾಯಿತು. ಅದರ ಹಿಂದೆಯೇ ಹೇಸಿಗೆ ಬಂತು, ತನ್ನ ಮೇಲೇ. ಆಮೇಲೆ ಬಂದದ್ದಕ್ಕೆ ಹೆಸರಿರಲಿಲ್ಲ. ಕೈಯಲ್ಲಿದ್ದ ಅನ್ನ ಒಣಗುವ ತನಕ ಅವನು ಹಾಗೇ ಕೂತಿದ್ದ.

ಮತ್ತೆ ನನ್ನ ಫೋಟೋ ಯಾಕೆ ಎಂದು ಆಮೇಲೆ ಕೇಳಿದ.

“ಪರದೇಲಿ ನೀವೊಬ್ಬರೇ ಇರಲಿಲ್ಲ. ಎಡಗಡೆ ನಾನೂ ಇದ್ದೆ,” ಎಂದಳು ಅವಳು. “ಎಷ್ಟು ಮನೆಗೆ ಕಂದು ಮಾಡಿಕೊಟ್ಟಿದ್ದೀವಿ, ನೀವೇ ನೋಡಿದ್ದೀರಿ. ಗಂಡ ಹೋಗಿ ಹತ್ತು ವರ್ಷಕ್ಕೆ ಹೆಂಡತಿ ಹೋದ್ರೆ ಕಾಗದ ಬೇರೆ, ದ್ರಾವಣ ಬೇರೆ. ಒಬ್ಬರು ಕೆಂಪುಗಂದು, ಇನ್ನೊಬ್ಬರು ಹಳದಿಗಂದು. ಪಕ್ಕಪಕ್ಕ ನೇತುಹಾಕಿದ್ರೆ ಒಬ್ಬರಿಗೊಬ್ಬರು ಸಂಬಂಧಾನೇ ಇಲ್ಲದೋರ ಹಾಗೆ ಕಾಣ್ತಾರೆ. ನಾವು ಹಾಗೆ ಕಾಣಬಾರದು ಅನ್ನಿಸ್ತು. ಇಬ್ಬರದೂ ಒಂದೇ ಸಲ, ಒಂದೇ ಬಣ್ಣದಲ್ಲಿ ಮಾಡಿಡು ಅಂತ ನಾನೇ ಇವಳ ಕೈಕಾಲು ಹಿಡಿದೆ. ಮಾತು ತಪ್ಪಿಸಿದ ಪಾಪ ನಂದು, ಅವಳನ್ನ ಬೈಬೇಡಿ.”

ಮಗ ಉಳಿದದ್ದನ್ನು ಹೇಳಿದ. ಗೆಡ್ಡೆಯನ್ನು ಕೊಯ್ದು ತೆಗೆಯಬಹುದೆಂದು ಡಾಕ್ಟರು ಹೇಳಿದ್ದಾರೆ. ತೆಗೆದರೆ ಬದುಕುವ ಸಂಭವವಿದೆ, ಖಾತ್ರಿಯೇನೂ ಕೊಡುವುದಿಲ್ಲ. ಬಿಟ್ಟರೆ ಮಾತ್ರ ಖಾತ್ರಿ. ಅಮ್ಮ ಬೇಡವೆಂದು ಹಟ ಹಿಡಿದಿದ್ದಾಳೆ, ಅಪ್ಪನಿಗೆ ಹೇಳಿದರೆ ಅನ್ನನೀರು ಬಿಡುತ್ತೇನೆಂದು ಹೆದರಿಸಿದ್ದಾಳೆ. ಅಮ್ಮನ ತಟ್ಟೆಯ ಮೊಟ್ಟೆಗಳು ಅಪ್ಪನ ತಟ್ಟೆಗೆ ಬಂದದ್ದು ಪ್ರೀತಿಗಲ್ಲ, ಅವಳಿಗೆ ತಿಂದದ್ದು ದಕ್ಕದೇ ಇದ್ದುದಕ್ಕೆ.

ಮುಂದಿನ ಕೆಲವು ದಿನ ಗದ್ದಣ್ಣ ಹೆಂಡತಿಯ ಬೆನ್ನು ಬಿಡಲಿಲ್ಲ. ಒಲೆಯ ಮುಂದೆ ಬೇಡಿದ, ಹಿತ್ತಲಲ್ಲಿ ಬೈದ, ಮಗಳಿಂದ ಹೇಳಿಸಿದ, ಸೊಸೆಯಿಂದ ಹೇಳಿಸಿದ. ಅವಳದು ಒಂದೇ ಮಾತು. ಹೊಟ್ಟೆ ಕೊಯ್ಸಿಕೊಂಡು ಮಲಗಿ, ಇನ್ನೊಬ್ಬರ ಕೈಯಲ್ಲಿ ಮೈ ತೊಳೆಸಿಕೊಂಡು, ಎಲ್ಲರಿಗೂ ಸಾಕಾದಮೇಲೆ ಹೋಗುವುದು ತನಗೆ ಬೇಡ. ಕಾಲ ಮೇಲೆ ನಿಂತಿರುವಾಗಲೇ ಹೋಗಬೇಕು. ನಿಮಗೆ ಅನ್ನ ಮಾಡಲು ಬರುತ್ತದೆ, ಫೋಟೋ ಸಿದ್ಧವಾಗಿದೆ, ಇನ್ನೇನು ಬೇಕು ಎಂದು ಲೆಕ್ಕ ಚುಕ್ತಾ ಮಾಡಿದವಳ ಹಾಗೆ ಹೇಳುವಳು. ಆಸ್ಪತ್ರೆಯವರು ಬೇಗ ಹೇಳಿ ಎಂದು ಮಗನಿಗೆ ಫೋನು ಮಾಡಿದರು. ಮಗ ಫೋನನ್ನು ಅಮ್ಮನ ಕಿವಿಗೆ ಹಿಡಿದರೆ ಅವಳು ಅದರ ಬಾಯಿಗೆ ಅಂಗೈ ಮುಚ್ಚಿದಳು.

ಅಂದು ಸಂಜೆ ಗದ್ದಣ್ಣ ಅಂಗಡಿಗೆ ಹೋಗಿ ಸೊಸೆಯ ಪಕ್ಕದಲ್ಲಿ ಕುಳಿತ. ಆ ಚಿತ್ರ ತೆಗಿ, ನನ್ನದನ್ನು ಮಾತ್ರ ಬೇರೆ ಮಾಡು, ದೊಡ್ಡದಾಗಿ ಅಚ್ಚುಹಾಕು ಎಂದ. ಯಾಕೆ ಎಂದು ಅವಳು ಕೇಳಿದಳು, ಅವನು ಹೇಳಲಿಲ್ಲ. ಬಣ್ಣ ಎಳ್ಳಷ್ಟೂ ಬದಲಾಗಬಾರದು ಎಂದಷ್ಟೇ ಹೇಳಿದ. ಮುದ್ರಣಯಂತ್ರದಿಂದ ಕಾಗದ ನಿಧಾನವಾಗಿ ಹೊರಗೆ ಬಂತು, ಮೊದಲು ಹಣೆ, ಆಮೇಲೆ ಕಣ್ಣು. ಚೌಕಟ್ಟನ್ನು ಅವನೇ ಹಾಕಿದ.

ಬೆಳಿಗ್ಗೆ ಶಟರು ಎತ್ತಿದವನೇ ಅದನ್ನು ಶೋಕೇಸಿನ ನಟ್ಟನಡುವೆ ಇಟ್ಟು, ಒಳಗೆ ಕೌಂಟರಿನ ಹಿಂದೆ ನಿಂತ. ಮೊದಲು ಬಂದವನು ದರ್ಜಿ. ಅಳತೆಯ ಪಟ್ಟಿಯನ್ನು ಕೊರಳಿಂದ ತೆಗೆದು ಜೇಬಿಗೆ ಹಾಕಿಕೊಂಡು, ಮುಖ ಸಣ್ಣದು ಮಾಡಿಕೊಂಡು ಒಳಗೆ ಕಾಲಿಟ್ಟ. ಕೌಂಟರಿನಲ್ಲಿ ಸತ್ತವನೇ ನಿಂತಿದ್ದ.

“ಏನು ಬೇಕಿತ್ತು?” ಎಂದ ಗದ್ದಣ್ಣ.

ದರ್ಜಿ ಹೊರಗಿನ ಮುಖವನ್ನೂ ಒಳಗಿನ ಮುಖವನ್ನೂ ಎರಡೆರಡು ಸಲ ನೋಡಿ, ಏನೂ ಬೇಡವೆಂದು ಬಾಗಿಲಲ್ಲೇ ಕೂತುಬಿಟ್ಟ. ಹಾಲಿನವಳು ಒಳಗೆ ನೋಡುವ ಗೋಜಿಗೇ ಹೋಗಲಿಲ್ಲ. ಶೋಕೇಸು ಕಂಡವಳೇ ಪಕ್ಕದ ಓಣಿಯಿಂದ ಹಿತ್ತಲಿಗೆ ಓಡಿ, ಗದ್ದಣ್ಣನ ಹೆಂಡತಿಯನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು. ನಿನ್ನೆ ತಾನೇ ಮಾತಾಡಿಸಿದ್ದೆನಲ್ಲ, ಎಷ್ಟು ಒಳ್ಳೆಯ ಮನುಷ್ಯ, ಇನ್ನು ನಿನಗೆ ಯಾರು ದಿಕ್ಕು ಎಂದು ಶುರುಮಾಡಿದಳು. ಹೆಂಡತಿಗೆ ಏನೊಂದೂ ಅರ್ಥವಾಗಲಿಲ್ಲ. ಹಿಟ್ಟಿನ ಕೈಯಲ್ಲೇ ಅವಳನ್ನು ಬಿಡಿಸಿಕೊಂಡು ಓಣಿಯಿಂದ ಸುತ್ತಿ ಬೀದಿಗೆ ಬಂದಳು.

ಬೀದಿಯಲ್ಲಿ ನಿಂತು ಶೋಕೇಸು ನೋಡುವ ಪ್ರಸಂಗ ಅವಳಿಗೆ ಎಂದೂ ಬಂದಿರಲಿಲ್ಲ. ಅವಳ ಜಾಗ ಯಾವಾಗಲೂ ಒಳಗೆ. ಹೊರಗೆ ನಿಲ್ಲುತ್ತಿದ್ದವರು ಬೇರೆ ಹೆಂಗಸರು. ಗಂಡ ಅಲ್ಲೇ, ಚಿತ್ರದ ಹಿಂದೆ, ಗಾಜಿನಾಚೆ ಜೀವಂತ ನಿಂತಿದ್ದಾನೆಂಬುದು ಕಣ್ಣಿಗೆ ಕಾಣುತ್ತಿತ್ತು. ಆದರೂ ಅವಳು ನೋಡುತ್ತಿದ್ದುದು ಚಿತ್ರವನ್ನೇ. ಗದ್ದಣ್ಣ ಗಾಜಿನ ಮೂಲಕ ಅವಳ ಮುಖ ನೋಡಿದ. ಎಷ್ಟೋ ಮುಖಗಳನ್ನು ಆ ಜಾಗದಲ್ಲಿ ಕಂಡಿದ್ದ, ಇದನ್ನು ಕಾಣುವುದಕ್ಕೆ ಅವನಿಗೆ ಕಷ್ಟವಾಯಿತು.

ಅವಳು ಒಳಗೆ ಬಂದಳು. ಅಷ್ಟರಲ್ಲಿ ಮಗ, ಸೊಸೆ, ಮಗಳು ಮೂವರೂ ನಡುವಿನ ಬಾಗಿಲಿಗೆ ಬಂದು ನಿಂತಿದ್ದರು.

“ತೆಗೀರಿ ಅದನ್ನ.”

“ಯಾಕೆ? ಮಾಡಿಸಿದ್ದು ನೀನೇ ಅಲ್ವಾ?”

“ತೆಗೀರಿ ಅಂದೆ. ನನ್ನ ಕೈಲಿ ನೋಡೋಕಾಗಲ್ಲ.”

“ನನ್ನ ಕೈಲೂ ಆಗಲ್ಲ ಕಣೇ,” ಎಂದ ಗದ್ದಣ್ಣ. “ನಿಂದನ್ನ ನೋಡೋಕೆ ನನ್ನ ಕೈಲೂ ಆಗಲ್ಲ.”

ಗಿರಾಕಿಗಳ ಮುಂದೆ ಎಂದೂ ಅಳದವನು ಅಂಗೈಯಿಂದ ಕಣ್ಣೊರೆಸಿಕೊಂಡ. ಅವಳು ಹಿಟ್ಟಿನ ಕೈಯಿಂದಲೇ ಅವನ ಅಂಗಿಯ ತೋಳು ಹಿಡಿದಳು. ಬಾಗಿಲಲ್ಲಿ ಕೂತಿದ್ದ ದರ್ಜಿ ಎದ್ದು, ತಲೆ ತಗ್ಗಿಸಿ, ಸದ್ದಾಗದ ಹಾಗೆ ತನ್ನ ಅಂಗಡಿಗೆ ನಡೆದ.

ಅವಳು ತೋಳು ಬಿಡದೆ ಮಗನ ಕಡೆ ತಿರುಗಿದಳು.

“ಆಸ್ಪತ್ರೆಗೆ ಫೋನ್ ಮಾಡು. ನಾಳೆ ಬರ್ತೀವಿ ಅಂತ ಹೇಳು.”